ನೆಲಸಂಪಿಗೆಗೆ ಪಂಚಮಿಯ ಕ್ಷೌರ

ಕಲ್ಕತ್ತದ ಬೆಹಾಲಾದ ಆ ಮನೆಯ ಹಿಂದಿನ ನೆಲಕ್ಕೆ ಬಿಸಿಲೆಂದರೆ ಏನೆಂದೇ ಗೊತ್ತಿರಲಿಲ್ಲ. ನಡುವೆ ಒಂದು ಮುದಿ ಹಲಸು, ಅದರ ಎಡಬಲಕ್ಕೆ ಮಾವು; ಕೊಂಬೆಗೆ ಕೊಂಬೆ ಹೆಣೆದುಕೊಂಡು ಆಕಾಶಕ್ಕೆ ಚಪ್ಪರ ಹಾಕಿದ್ದವು. ಚಂದ್ರಾವತಿ ಮೊದಲ ವರ್ಷ ಅಲ್ಲಿ ಚೆಂಡುಹೂ ಹಾಕಿದಳು. ಅದು ಕತ್ತು ಉದ್ದ ಮಾಡಿ ಸೂರ್ಯನನ್ನು ಹುಡುಕುತ್ತ ಹುಡುಕುತ್ತ ಕೊನೆಗೆ ಮಕಾಡೆ ಬಿತ್ತು. ಅಬ್ಬಲಿಗೆ ಹಾಕಿದಳು. ಎಲೆ ಬಿಟ್ಟ ಸುಸ್ತಿಗೇ ಅದು ಹೂ ಬಿಡುವುದನ್ನು ಮರೆಯಿತು. ಊರಿನಿಂದ ತಂದ ಮಲ್ಲಿಗೆಯ ಬಳ್ಳಿಯಂತೂ ನೆಟ್ಟ ದಿನದಿಂದಲೇ ಮುಖ ಊದಿಸಿಕೊಂಡು, ಹಾಗೆಯೇ ಒಣಗಿತು.

ಬ್ಯಾಂಕು ರಾಷ್ಟ್ರೀಕರಣವಾದ ವರ್ಷ ಅವಳ ಗಂಡ ಮೋಹನದಾಸರಿಗೆ ಮಂಗಳೂರಿನಿಂದ ಕಲ್ಕತ್ತಕ್ಕೆ ವರ್ಗವಾಗಿತ್ತು. ಗಂಡ, ಹೆಂಡತಿ, ಮೂರನೆಯ ಕ್ಲಾಸಿನ ಮಗಳು ಆಶಾಲತಾ ಆ ಮನೆಯ ಕೆಳಗಿನ ಭಾಗಕ್ಕೆ ಬಾಡಿಗೆಗೆ ಬಂದರು. ಮಹಡಿಯಲ್ಲಿ ಮನೆಯ ಯಜಮಾನಿ ಬೀಣಾಪಾಣಿ ದೇವಿ ಒಬ್ಬರೇ. ಅವರಿಗೆ ಚಂದ್ರಾವತಿ ‘ಬೌಮಾ’, ಎಂದರೆ ಸೊಸೆ. ಚಂದ್ರಾವತಿಗೆ ಅವರು ‘ಮಾಶಿಮಾ’, ಚಿಕ್ಕಮ್ಮ. ಹರಕು ಬಂಗಾಳಿ, ಮುರುಕು ಹಿಂದಿ, ಕೈಸನ್ನೆ, ಕಣ್ಸನ್ನೆ ಎಲ್ಲ ಬೆರೆಸಿ ಇಬ್ಬರೂ ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. ಅದರಲ್ಲಿ ಜಗಳವನ್ನೂ ಆಡಬಹುದಿತ್ತು, ಮೀನಿನ ಸಾರಿನ ಅಳತೆಯನ್ನೂ ಹೇಳಬಹುದಿತ್ತು.

ಹಿಂದಿನ ಆ ನೆಲ ಚಂದ್ರಾವತಿಗೆ ಪ್ರಾಣ. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ಆಶಾ ಶಾಲೆಯಿಂದ ಬರುವ ಮೊದಲು, ಅವಳು ಹಿಂಬಾಗಿಲ ಮೆಟ್ಟಿಲಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಮುಂದಿನ ಬೀದಿಯಲ್ಲಿ ಬಸ್ಸು, ಮೆರವಣಿಗೆ, ಗೋಡೆಯ ತುಂಬ ಕೆಂಪಕ್ಷರದ ಘೋಷಣೆ. ಹಿಂದೆ ಮಾತ್ರ ತಂಪು, ಅಳಿಲು, ಹಲಸಿನ ಎಲೆ ಬೀಳುವ ಸದ್ದು. ಅಷ್ಟು ಹೊತ್ತು ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಬೌಮಾಳೂ ಅಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಕೇಳಿಸುತ್ತಿರಲಿಲ್ಲ.

ಆ ನೆಲಕ್ಕೆ ಕುತ್ತು ಬಂದದ್ದು ಒಂದು ಶ್ರಾವಣದಲ್ಲಿ. ಹಲಸಿನ ಬುಡದಲ್ಲೊಂದು ಕಲ್ಲುಕಟ್ಟೆ ಇತ್ತು. ಬೀಣಾಪಾಣಿ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಅಲ್ಲಿಗೆ ಹೋಗಿ ಕೂರುವವರು. ಆ ದಿನ ಕೆಸರಿನಲ್ಲಿ ಕಾಲು ಜಾರಿ, ಲೋಟ ಒಂದು ಕಡೆ, ಅವರು ಒಂದು ಕಡೆ ಆದರು. ಸೊಂಟ ಮುರಿಯಲಿಲ್ಲ, ಆದರೆ ಧೈರ್ಯ ಮುರಿಯಿತು. ಮತ್ತೆ ಅವರು ಕೆಳಗಿಳಿಯಲಿಲ್ಲ. ಮಹಡಿಯ ವರಾಂಡದಿಂದಲೇ ಕಟ್ಟೆಯನ್ನು ನೋಡುತ್ತ ಚಹಾ ಕುಡಿಯತೊಡಗಿದರು.

ಸುದ್ದಿ ಕೇಳಿ ನಗರದ ಇನ್ನೊಂದು ತುದಿಯ ಡಮ್ ಡಮ್‌ನಿಂದ ಅವರ ತಮ್ಮ ಶಿಬೇನಬಾಬು ಓಡಿ ಬಂದರು. ಜಗತ್ತಿನ ಯಾವ ಕಷ್ಟಕ್ಕೂ ಅವರಲ್ಲಿ ಒಂದೇ ಮದ್ದು, ಸಿಮೆಂಟು. ಡಮ್ ಡಮ್‌ನ ಅವರ ಮನೆಯಲ್ಲಿ ತುಳಸಿ ಗಿಡವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಸಿಮೆಂಟು ಬಳಿದಾಗಿತ್ತು.

“ಇಡೀ ಹಿತ್ತಲಿಗೆ ಸಿಮೆಂಟು ಹಾಕಿಬಿಡೋಣ ದೀದಿ. ಕೆಸರಿಲ್ಲ, ಸೊಳ್ಳೆ ಇಲ್ಲ, ಹಾವಿಲ್ಲ. ಬೇರು ಎದ್ದರೆ ಸಿಮೆಂಟು ಬಿರಿಯುತ್ತದೆ, ಅದಕ್ಕೆ ಮರವನ್ನೂ ತೆಗೆಸಿಬಿಡೋಣ,” ಎಂದರು.

ಬಟ್ಟೆ ಹಿಂಡುತ್ತಿದ್ದ ಚಂದ್ರಾವತಿಯ ಕೈ ಅಲ್ಲಿಗೇ ನಿಂತಿತು. ಸಂಜೆ ಮಹಡಿಗೆ ಹೋಗಿ ಬೀಣಾಪಾಣಿಯವರ ಕಾಲಿಗೆ ಎಣ್ಣೆ ತಿಕ್ಕುತ್ತ ಮೆಲ್ಲನೆ ಮಾತು ತೆಗೆದಳು. ಅವರು ನಿಟ್ಟುಸಿರು ಬಿಟ್ಟರು.

“ನನಗೆ ಸಿಮೆಂಟೂ ಬೇಡ, ಕೆಸರೂ ಬೇಡ ಬೌಮಾ. ಮಳೆಗಾಲದಲ್ಲಿ ನನ್ನ ಕಾಲು ಅಲ್ಲಿ ಜಾರದ ಹಾಗೆ ನೀನು ಏನಾದರೂ ಮಾಡಿ ತೋರಿಸು. ಆಗ ಶಿಬುವಿಗೆ ನಾನು ಹೇಳುತ್ತೇನೆ. ಆಗಲಿಲ್ಲವೋ, ಅವನು ಹೇಳಿದ್ದೇ ಸರಿ.”

ಹುಲ್ಲು ಅಲ್ಲಿ ಬರುವುದಿಲ್ಲ. ನೆರಳಿನಲ್ಲೇ ಹುಟ್ಟಿ ನೆರಳಿನಲ್ಲೇ ನೆಲ ತುಂಬುವಂಥದ್ದು ಬೇಕು. ಬೇಸಗೆ ರಜೆಯಲ್ಲಿ ಕುಂದಾಪುರದ ತವರಿಗೆ ಹೋದಾಗ ಚಂದ್ರಾವತಿಗೆ ಅದು ಹೊಳೆಯಿತು. ಹಿತ್ತಲಿನಾಚೆಯ ಹಾಡಿಯಲ್ಲಿ, ಮರಗಳಡಿ, ಯಾರೂ ನೆಡದೆ ಯಾರೂ ನೀರೆರೆಯದೆ ಬೆಳೆಯುವ ನೆಲಸಂಪಿಗೆ! ಅವಳು ಒಂದು ಬುಟ್ಟಿ ಗಡ್ಡೆ ಅಗೆದು, ಮದ್ರಾಸಿನ ಮೇಲಿಂದ ಹೌರಾದವರೆಗೆ ಮಡಿಲಲ್ಲಿಟ್ಟುಕೊಂಡು ತಂದಳು. ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು, “ಶುಂಠಿಗೆ ಇಷ್ಟು ಉಪಚಾರವೇ!” ಎಂದು ನಕ್ಕದ್ದೂ ಆಯಿತು.

ಗಡ್ಡೆ ನೆಡುವಾಗ ಮಹಡಿಯಿಂದ ಬೀಣಾಪಾಣಿ ಬಗ್ಗಿ ನೋಡಿದರು.

“ಓ ಮಾ! ಅದು ಭುಯಿಚಾಂಪಾ ಅಲ್ಲವೇ? ಬರಿಸಾಲ್‌ನಲ್ಲಿ ನನ್ನ ಅಪ್ಪನ ಮನೆಯ ಬಿದಿರುಮೆಳೆಯ ಅಡಿಯೆಲ್ಲ ಅದೇ ಇತ್ತು.”

“ಇದು ನಮ್ಮ ಊರಿನದ್ದು ಮಾಶಿಮಾ. ಕುಂದಾಪುರದಿಂದ ಹೊತ್ತು ತಂದದ್ದು.”

“ಇರಬಹುದು. ಕುಂದಾಪುರಕ್ಕೆ ನಮ್ಮಲ್ಲಿಂದಲೇ ಹೋಗಿರಬೇಕು.”

ಆ ವಿಷಯದಲ್ಲಿ ಇಬ್ಬರೂ ಕೊನೆಯವರೆಗೂ ಸೋಲಲಿಲ್ಲ.

ಮೊದಲ ಮಳೆಗಾಲದಲ್ಲಿ ಎಲೆ ಬಂತು, ಆದರೆ ಬೋಳುತಲೆಯವರ ಕೂದಲಿನ ಹಾಗೆ, ಅಲ್ಲೊಂದು ಇಲ್ಲೊಂದು. ಆ ವರ್ಷ ಚಂದ್ರಾವತಿಯನ್ನು ಕಾಪಾಡಿದ್ದು ಸರ್ಕಾರ. ಆಗ ಸಿಮೆಂಟು ಕೊಳ್ಳಲು ಸರ್ಕಾರದ ಪರ್ಮಿಟ್ಟು ಬೇಕಿತ್ತು, ಶಿಬೇನಬಾಬುವಿಗೆ ಅದೇ ಸಿಗಲಿಲ್ಲ. ಚಳಿಗಾಲಕ್ಕೆ ಎಲೆಯೂ ಮಾಯ. ಗಡ್ಡೆ ಮಲಗಿದೆ ಎಂದು ಚಂದ್ರಾವತಿಗೆ ಗೊತ್ತಿತ್ತು. ಮಲಗಿದ ಮಕ್ಕಳಿಗೆ ಹೊದಿಸುವ ಹಾಗೆ ಅವಳು ಉದುರಿದ ಹಲಸಿನ ಎಲೆ ಗುಡಿಸಿ ಅದರ ಮೇಲೆ ಹರಡಿದಳು. ಕಲ್ಲಿದ್ದಲಿನ ಒಲೆಯ ಬೂದಿ, ಕರಿಕು ಎಲ್ಲ ತಂದು ಸುರಿದಳು. ಚೈತ್ರದಲ್ಲಿ ಒಂದು ಬೆಳಿಗ್ಗೆ ಬರಿಯ ನೆಲದಿಂದ, ಕಾಂಡವಿಲ್ಲ, ಎಲೆಯಿಲ್ಲ, ಬಿಳಿ ನೇರಳೆ ಬಣ್ಣದ ಹೂ ಎದ್ದು ನಿಂತವು. ಯಾರೋ ಮರದಿಂದ ಕೊಯ್ದು ಮಣ್ಣಿಗೆ ಚುಚ್ಚಿ ಹೋದ ಹಾಗೆ. ಮೋಹನದಾಸರು ಚಹಾ ಕುಡಿಯುತ್ತ ನೋಡಿ, “ಪರ್ವಾಗಿಲ್ಲ ಮಾರಾಯ್ತಿ, ಚಂದ ಉಂಟು ನಿನ್ನ ಹೂ,” ಎಂದು ಹೇಳಿ ಬ್ಯಾಂಕಿಗೆ ಹೋದರು. ಹೂ ಬಾಡಿತು. ಜ್ಯೇಷ್ಠದ ಮಳೆ ಬಿದ್ದ ಮೇಲೆ ಎಲೆಗಳು ಸುರುಳಿ ಬಿಚ್ಚಿದವು. ಈ ಸಲ ಗಡ್ಡೆಗೆ ಗಡ್ಡೆ ಮರಿಹಾಕಿ ಹಿಂಬಾಗಿಲಿನಿಂದ ಕಟ್ಟೆಯವರೆಗೂ ಜಮಖಾನ ಹಾಸಿದಂತೆ ಹಸಿರು.

ಹೂವಿಗೂ ಎಲೆಗೂ ನಡುವೆ ಸುಮಾರು ಎರಡು ತಿಂಗಳ ಬಿಡುವಿತ್ತಲ್ಲ, ಎಡವಟ್ಟು ಹುಟ್ಟಿದ್ದು ಆ ಬಿಡುವಿನಲ್ಲಿ. ಆದರೆ ಅದು ಯಾರಿಗೂ ತಿಳಿಯಲಿಲ್ಲ.

ಆ ಶ್ರಾವಣಕ್ಕೆ ಶಿಬೇನಬಾಬುವಿಗೆ ಪರ್ಮಿಟ್ಟು ಸಿಕ್ಕಿತು. ಸಿಮೆಂಟಿನ ಮೂಟೆಗಳು ಡಮ್ ಡಮ್‌ನ ಮನೆಯಲ್ಲಿ ಬಂದು ಕೂತವು. ಮಳೆಯ ತೇವಕ್ಕೆ ಗಟ್ಟಿಯಾಗುವ ಮೊದಲು ಕೆಲಸ ಮುಗಿಸಬೇಕೆಂದು, ಮೇಸ್ತ್ರಿಯನ್ನು ಕರೆದುಕೊಂಡು ಅಳತೆ ತೆಗೆಯಲು ಬರುತ್ತೇನೆಂದು ಹೇಳಿ ಕಳಿಸಿದರು. ಅವರು ಹೇಳಿದ ದಿನ ಸರಿಯಾಗಿ ನಾಗರಪಂಚಮಿ.

“ಬರಲಿ,” ಎಂದರು ಬೀಣಾಪಾಣಿ, ವರಾಂಡದಿಂದ ಹಸಿರನ್ನು ನೋಡುತ್ತ. “ಅವನೇ ಕಣ್ಣಾರೆ ನೋಡಲಿ. ಈಗ ಕೆಸರು ಎಲ್ಲಿದೆ?”

ಮೋಹನದಾಸರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಹೆಂಡತಿಗಾಗಿ ತಾನೂ ಏನಾದರೂ ಮಾಡಬೇಕು. “ಶಿಬೇನಬಾಬುವನ್ನು ಪಂಚಮಿಯ ಕಡುಬಿಗೆ ಕರೆದಿದ್ದೇನೆ,” ಎಂದರು ಹಿಂದಿನ ದಿನ. “ಅರಶಿನ ಎಲೆಯ ಕಡುಬು ತಿಂದವ ಮರ ಕಡೀತಾನಾ? ಹೇಳು.”

“ಕರೆಯುವ ಮೊದಲು ನನ್ನತ್ರ ಕೇಳಬಾರದಾ? ಈ ಊರಲ್ಲಿ ಅರಶಿನದ ಎಲೆಗೆ ಎಲ್ಲಿಗೆ ಹೋಗುದು? ನಿಮ್ಮ ಬ್ಯಾಂಕಿನ ತಿಜೋರಿಯಲ್ಲಿ ಉಂಟಾ?”

“ಅದೆಲ್ಲ ಆಗ್ತದೆ ಮಾರಾಯ್ತಿ.”

ಪಂಚಮಿಯ ಬೆಳಿಗ್ಗೆ ಚಂದ್ರಾವತಿ ಅಕ್ಕಿ ರುಬ್ಬಿಟ್ಟು, ಕಾಯಿ ತುರಿದಿಟ್ಟು, ಬಸ್ಸು ಹಿಡಿದು ಲೇಕ್ ಮಾರ್ಕೆಟ್ಟಿಗೆ ಹೋದಳು. ತೆಂಕಣದವರ ಅಂಗಡಿಯ ಸಾಲಿನಲ್ಲಿ ಹೂ ಮಾರುವ ತಮಿಳು ಹೆಂಗಸಿನ ಹತ್ತಿರ ಹುಡುಕಿ ಹುಡುಕಿ ಒಂದು ಸಣ್ಣ ಕಟ್ಟು ಎಲೆ ಸಿಕ್ಕಿತು. ಮೂಸಿ ನೋಡಿದಳು. ಊರಿನ ಪಂಚಮಿಯೇ ಮೂಗಿಗೆ ಬಡಿಯಿತು. ಎಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದಳು.

ಬಾಗಿಲಲ್ಲೇ ಆಶಾ ಕುಣಿಯುತ್ತಿದ್ದಳು. “ಅಮ್ಮಾ, ಅಮ್ಮಾ! ಅಪ್ಪ ಸಬ್ ಕೇಟೆ ದಿಯೇಛೆ! ಎಲ್ಲಾ ಕಟ್!”

ಅಡುಗೆಮನೆಯಲ್ಲಿ ಮೋಹನದಾಸರು ಚಕ್ಕಳಮಕ್ಕಳ ಹಾಕಿ ಕೂತು, ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿ ಜೋಡಿಸುತ್ತಿದ್ದರು. ಬ್ಯಾಂಕಿನಲ್ಲಿ ನೋಟಿನ ಕಂತೆ ಕಟ್ಟುವವರ ಶಿಸ್ತು. ಎಲೆಯ ರಾಶಿ ಅವರ ಮೊಣಕಾಲನ್ನು ಮೀರಿತ್ತು.

“ಬಂದೆಯಾ? ಸುಮ್ಮನೆ ಬಸ್ಸಿಗೆ ಹೋದೆ ನೋಡು,” ಎಂದು ಗೆಲುವಿನಿಂದ ತಲೆಯೆತ್ತಿದರು. “ನಮ್ಮ ಹಿತ್ತಲಲ್ಲೇ ಕಾಡಿನ ಹಾಗೆ ಅರಶಿನ ಬೆಳೆದಿದೆ. ಬೆಳೆಸಿದವಳಿಗೇ ನೆನಪಿಲ್ಲ!”

ಚಂದ್ರಾವತಿ ಒಂದು ಎಲೆ ಎತ್ತಿಕೊಂಡಳು. ಮೇಲೆ ಬೆಳ್ಳಿಯ ಗೀಟು, ಕೆಳಗೆ ಕೆನ್ನೀಲಿ. ಹಿಂಬಾಗಿಲಿಗೆ ಓಡಿದಳು. ಬಾಗಿಲಿನಿಂದ ಕಟ್ಟೆಯವರೆಗೆ, ತಿರುಪತಿಗೆ ಹೋಗಿ ಬಂದ ತಲೆಯ ಹಾಗೆ ನೆಲ ನುಣ್ಣಗಿತ್ತು. ಮೋಹನದಾಸರು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವರಲ್ಲ.

“ಅಯ್ಯೋ ದೇವರೇ! ಅದು ಅರಶಿನ ಅಲ್ಲ ಮಾರಾಯ್ರೆ! ನೆಲಸಂಪಿಗೆ!”

“ಎಂತ ನೆಲಸಂಪಿಗೆ? ಅದು ಚೈತ್ರದಲ್ಲೇ ಮುಗಿಯಿತಲ್ಲ? ಹೂವಿನ ಹೊತ್ತಿಗೆ ಒಂದು ಎಲೆ ಇತ್ತಾ? ನಾನೇ ನೋಡಿದ್ದೇನೆ. ಅದು ಹೋದ ಮೇಲೆ ನೀನು ಆ ಜಾಗದಲ್ಲಿ ಅರಶಿನ ಹಾಕಿದ್ದಿ ಅಂತ ನಾನು...”

“ಎಲೆಯ ಕೆಳಗೆ ನೇರಳೆ ಬಣ್ಣ ಕಾಣಲಿಲ್ಲವಾ?”

“ಕಂಡಿತು. ಕಲ್ಕತ್ತದ ನೀರಿಗೆ ಹಾಗಾಗಿದೆ ಅಂತ ಗ್ರಹಿಸಿದೆ.”

“ಪರಿಮಳ? ಅರಶಿನದ ಪರಿಮಳ ಇಲ್ಲದ್ದು ಗೊತ್ತಾಗಲಿಲ್ಲವಾ?”

“ನನಗೆ ಶೀತ ಅಲ್ಲವಾ, ಮೊನ್ನೆಯಿಂದ,” ಎಂದು ಮೋಹನದಾಸರು ಮೂಗೆಳೆದು ತೋರಿಸಿದರು. ಆಮೇಲೆ ಅವರ ಮುಖ ನಿಧಾನವಾಗಿ ಸಪ್ಪಗಾಯಿತು. “ಚಂದ್ರಾ... ಅವರು ಬರುವ ಹೊತ್ತಾಯಿತು.”

ಬೈಯಬೇಕೆಂದು ಬಾಯಿ ತೆರೆದಳು. ಅವರ ಬೆರಳಿನ ತುದಿಯೆಲ್ಲ ಹಸಿರು, ಮೊಣಕಾಲಿನಲ್ಲಿ ಎಲೆಯ ರಸ. ಜನ್ಮದಲ್ಲಿ ಅಡುಗೆಮನೆಯಲ್ಲಿ ಕೂರದ ಮನುಷ್ಯ ತನಗಾಗಿ ಎಲೆ ಒರೆಸಿದ್ದಾನೆ. ಬೈಗುಳ ಗಂಟಲಲ್ಲೇ ದಿಕ್ಕು ತಪ್ಪಿ ಅರ್ಧ ನಗು, ಅರ್ಧ ಅಳು ಆಗಿ ಹೊರಗೆ ಬಂತು.

“ಅಮ್ಮಾ,” ಎಂದಳು ಆಶಾ, “ವಾಪಸ್ ಲಗಾ ದೂಂ? ಮತ್ತೆ ಮಣ್ಣಲ್ಲಿ ಚುಚ್ಚಿದರೆ ನಿಲ್ಲುತ್ತೆ.”

“ಭೇಷ್!” ಮೋಹನದಾಸರು ಎದ್ದೇಬಿಟ್ಟರು. “ಒಂದು ಗಂಟೆ ನಿಂತರೆ ಸಾಕು. ಅಷ್ಟರೊಳಗೆ ಕಡುಬು ತಿನ್ನಿಸಿ ಕಳಿಸುವ.”

“ಬೇಡ. ಅದು ಮೋಸ. ಮಾಶಿಮಾಗೆ ನಾನು ಎಂತ ಮುಖ ತೋರಿಸುದು?”

“ಮರ ಹೋದ ಮೇಲೆ ಮುಖ ಇಟ್ಟುಕೊಂಡು ಎಂತ ಮಾಡ್ತಿ?”

ಅಷ್ಟರಲ್ಲಿ ಅಪ್ಪ ಮಗಳು ರಾಶಿ ಹೊತ್ತುಕೊಂಡು ಹೊರಗೆ ಹೋಗಿಯಾಗಿತ್ತು. ಪುಣ್ಯಕ್ಕೆ ಮಹಡಿಯ ವರಾಂಡ ಬೆಳಿಗ್ಗೆಯಿಂದ ಖಾಲಿ; ಬೀಣಾಪಾಣಿ ಒಳಗೆ ಪೂಜೆಗೆ ಕೂತಿದ್ದರು. ಒಂದೊಂದೇ ಎಲೆಯ ತೊಟ್ಟನ್ನು ಒದ್ದೆ ನೆಲಕ್ಕೆ ಚುಚ್ಚುತ್ತ ಬಂದರು. ಚಂದ್ರಾವತಿ ಬಾಗಿಲಲ್ಲಿ ನಿಂತು ನೋಡಿದಳು. ಮೋಹನದಾಸರು ಎಲೆಯನ್ನು ಬೆನ್ನು ಮೇಲೆ ಮಾಡಿ ಚುಚ್ಚುತ್ತಿದ್ದರು, ನೇರಳೆ ಬಣ್ಣವೆಲ್ಲ ಆಕಾಶಕ್ಕೆ. “ಛೆ, ಹಾಗಲ್ಲ, ತಿರುಗಿಸಿ!” ಎಂದು ಅವಳೂ ಬಗ್ಗಿದಳು. ಹೀಗೆ, ತನಗೆ ಗೊತ್ತಾಗುವ ಮೊದಲೇ, ಆ ಮೋಸದಲ್ಲಿ ಅವಳ ಕೈಯೂ ಸೇರಿತು. ಕಟ್ಟೆಯ ಹತ್ತಿರ ಎಲೆ ಸಾಲದೆ ಬಂದಾಗ ಆಶಾ ಎರಡೆರಡು ಹಲಸಿನ ಎಲೆಯನ್ನೂ ನೆಟ್ಟಳು.

ಶಿಬೇನಬಾಬು ಬಂದರು. ಗರಿಗರಿ ಬಿಳಿ ಧೋತಿ, ಮಿರಿಮಿರಿ ಪಂಪ್ ಶೂ, ಹಿಂದೆ ಟೇಪು ಹಿಡಿದ ಮೇಸ್ತ್ರಿ. ಮಹಡಿಯ ವರಾಂಡದಲ್ಲಿ ಬೀಣಾಪಾಣಿ ಆಗಲೇ ಬಂದು ನಿಂತಿದ್ದರು.

“ನೋಡು ಶಿಬು! ಬೌಮಾಳ ಭುಯಿಚಾಂಪಾ ನೋಡು!”

ಶಿಬೇನಬಾಬು ನೋಡಿದರು. ಹಸಿರೇನೋ ಹಸಿರೇ. ಆದರೆ ಸ್ವಲ್ಪ ಸುಸ್ತಾದ ಹಸಿರು. ಕೆಲವು ಎಲೆ ಆಗಲೇ ತಲೆ ಬಾಗಿಸಿದ್ದವು.

“ಇವಕ್ಕೆ ಏನಾಗಿದೆ?”

“ನಮಸ್ಕಾರ ಮಾಡ್ತಿವೆ, ನಿಮಗೆ,” ಎಂದರು ಮೋಹನದಾಸರು.

ಚಂದ್ರಾವತಿ ನೆಲ ನೋಡಿದಳು. ನೆಲ ನೋಡಲೂ ನಾಚಿಕೆಯಾಗಿ ಆಕಾಶ ನೋಡಿದಳು.

“ಹಸಿರು ಇದ್ದರಾಯಿತೇ? ಕಾಲು ನಿಲ್ಲಬೇಕಲ್ಲ,” ಎಂದು ಶಿಬೇನಬಾಬು ಬಲಗಾಲನ್ನು ಠೀವಿಯಿಂದ ಮುಂದಿಟ್ಟರು. ಬೇರಿಲ್ಲದ ಎಲೆ ಶೂವಿನಡಿ ಸರಕ್ಕನೆ ಸರಿಯಿತು. ಎಡಗಾಲು ಇನ್ನೊಂದು ಎಲೆಯ ಮೇಲೆ ಹೋಯಿತು. ಕ್ಷಣಹೊತ್ತು ಅವರು ಗಾಳಿಯಲ್ಲಿ ಸೈಕಲ್ ತುಳಿದು, ಮರುಕ್ಷಣ ಧೊಪ್ಪನೆ ನೆಲದ ಮೇಲೆ ಕೂತರು. ಸುತ್ತಲಿನ ಹತ್ತಾರು ಎಲೆಗಳು ಅವರ ಜತೆಗೇ ಮಲಗಿದವು.

“ಓ ಮಾ! ಶಿಬು!”

“ನೋಡಿದೆಯಾ ದೀದಿ? ನೋಡಿದೆಯಾ?” ಕೂತಲ್ಲಿಂದಲೇ ಕೂಗಿದರು ಶಿಬೇನಬಾಬು. “ಅಳತೆ ತೆಗಿ ಮೇಸ್ತ್ರಿ! ಇವತ್ತೇ ತೆಗಿ!”

ಮೇಸ್ತ್ರಿ ಟೇಪು ಬಿಚ್ಚಿದ. ಅದು ಕರಕರ ಸದ್ದು ಮಾಡಿತು. ಚಂದ್ರಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿನ ನಡುವೆ ಹೋಗಿ ನಿಂತು, ಮಹಡಿಗೆ ಮುಖ ಎತ್ತಿದಳು.

“ಮಾಶಿಮಾ, ಅವರು ಬಿದ್ದದ್ದು ನಮ್ಮಿಂದ. ಈ ಎಲೆಗೆ ಬೇರಿಲ್ಲ. ಇವರು ಅರಶಿನ ಅಂತ ಎಲ್ಲವನ್ನೂ ಕೊಯ್ದರು, ಕಡುಬಿಗೆ. ನೀವು ನೋಡಿದರೆ ಏನಂದೀರೋ ಎಂದು ಹೆದರಿ ಮತ್ತೆ ಚುಚ್ಚಿಟ್ಟೆವು. ನಾನೂ ಚುಚ್ಚಿದೆ.”

ವರಾಂಡದ ಕಂಬಿಯ ಮೇಲೆ ಬೀಣಾಪಾಣಿ ಇನ್ನಷ್ಟು ಬಗ್ಗಿದರು. ಮೋಹನದಾಸರು ಮಾವಿನ ಮರದ ಹಿಂದೆ ಹಿಡಿಸುವಷ್ಟು ಸಣ್ಣವರಾಗಲು ನೋಡುತ್ತಿದ್ದರು. ಮೇಸ್ತ್ರಿ ಕೈಕೊಟ್ಟು ಶಿಬೇನಬಾಬುವನ್ನು ಎಬ್ಬಿಸಿದ. ಆಶಾ ಮಾತ್ರ ಅವರ ಹಿಂದೆ ಸುತ್ತುಹಾಕಿ, ಧೋತಿಯನ್ನು ಬಗ್ಗಿ ಬಗ್ಗಿ ನೋಡಿದಳು.

“ಮಾಮಾಬಾಬು, ಕೆಸರು ಎಲ್ಲಿ?”

“ಏನು ಎಲ್ಲಿ?”

“ನೀವು ಬಿದ್ದಿರಲ್ಲ! ದೀದಾ ಅಜ್ಜಿ ಬಿದ್ದಾಗ ಸೀರೆ ಪೂರಾ ಕೆಸರು. ನಿಮಗೆ ಒಂದು ಹಸಿರು ಗೀಟು, ಬಸ್!”

ಎಲ್ಲರೂ ಆ ಧೋತಿಯನ್ನು ನೋಡಿದರು. ಶಿಬೇನಬಾಬು ತಾವೂ ಕತ್ತು ತಿರುಗಿಸಿ ನೋಡಿಕೊಳ್ಳಲು ಹೋಗಿ ಒಂದು ಸುತ್ತು ತಿರುಗಿದರು. ರಾತ್ರಿಯೆಲ್ಲ ಸುರಿದ ಶ್ರಾವಣದ ಮಳೆ. ಆದರೂ ಬಟ್ಟೆಗೆ ಅಂಟಿದ್ದು ಎಲೆಯ ರಸ, ಒಂದು ತರಗೆಲೆ.

ಚಂದ್ರಾವತಿ ಮೊಣಕಾಲೂರಿ ಸುಳ್ಳು ಎಲೆಗಳನ್ನೆಲ್ಲ ಬಾಚಿ ಕಿತ್ತು ಬದಿಗೆ ಎಸೆದಳು. ಕೆಳಗೆ ಕತ್ತರಿಸಿದ ಮೊಟುಕುಗಳು ಒತ್ತೊತ್ತಾಗಿ ನಿಂತಿದ್ದವು. ಅಂಗೈ ಒತ್ತಿ ನೋಡಿದಳು. ನೆಲ ಚಾಪೆಯ ಹಾಗೆ ಮೆತ್ತಗೆ ತಗ್ಗಿತು, ಕೈಗೆ ಅಂಟಲಿಲ್ಲ. ಗಡ್ಡೆ, ಬೇರು, ಎರಡು ವರ್ಷದ ಹಲಸಿನ ತರಗು, ಒಲೆಯ ಕರಿಕು ಎಲ್ಲ ಸೇರಿ ಒಳಗೊಳಗೇ ಹೆಣೆದುಕೊಂಡಿದ್ದವು. ಎಲೆಯ ಚಂದ ನೋಡುತ್ತ ಅವಳೂ ಇದನ್ನು ಗಮನಿಸಿರಲಿಲ್ಲ. ಎದ್ದು ಬರಿಗಾಲಲ್ಲಿ ಕಟ್ಟೆಯವರೆಗೆ ನಡೆದಳು, ತಿರುಗಿ ಬಂದಳು. ಆಮೇಲೆ ಬೇಕೆಂದೇ ಸ್ವಲ್ಪ ಓಡಿದಳು.

“ಮಾಶಿಮಾ! ಕಾಲು ನಿಲ್ಲುತ್ತದೆ!”

ಮೆಟ್ಟಿಲಲ್ಲಿ ಊರುಗೋಲಿನ ಸದ್ದು ಕೇಳಿಸಿತು. ಎರಡು ವರ್ಷದಿಂದ ಹಿತ್ತಲಿಗೆ ಇಳಿಯದ ಬೀಣಾಪಾಣಿ ಹಿಂಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟರು.

“ದೀದಿ, ಹುಚ್ಚೇ ನಿನಗೆ? ಈಗಷ್ಟೇ ನಾನು...”

“ನೀನು ಶೂ ಹಾಕಿಕೊಂಡು ಬಿದ್ದೆ. ಸುಮ್ಮನಿರು.”

ಚಂದ್ರಾವತಿ ಕೈ ಚಾಚಿದಳು. ಅವರು ಅದನ್ನು ಗಟ್ಟಿಯಾಗಿ ಹಿಡಿದರು, ಉಗುರು ನಾಟುವಷ್ಟು. ಒಂದು ಹೆಜ್ಜೆ ಇಟ್ಟು ನಿಂತರು. ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಕೆದಕಿ ನೋಡಿದರು, ಮೀನು ತಾಜಾವೋ ಅಲ್ಲವೋ ಎಂದು ಒತ್ತಿ ನೋಡುವ ಹಾಗೆ. ಇನ್ನೊಂದು ಹೆಜ್ಜೆ. ನಡುವೆ ಎಲ್ಲೋ ಉಗುರಿನ ಹಿಡಿತ ಸಡಿಲವಾಯಿತು. ಮಾವಿನ ಮರ ದಾಟುವಾಗ ಕೈಯನ್ನೇ ಬಿಟ್ಟರು. ಕೊನೆಯ ನಾಲ್ಕು ಹೆಜ್ಜೆ ಒಬ್ಬರೇ ನಡೆದು, ಹಲಸಿನ ಬುಡದ ಕಟ್ಟೆಯ ಮೇಲೆ ಕೂತು, ಕಾಲನ್ನು ಮೇಲೆಳೆದುಕೊಂಡರು.

“ಗಡ್ಡೆ ಸತ್ತಿದೆಯೇ ಬೌಮಾ?” ಎಂದರು ಮೊಟುಕುಗಳನ್ನು ನೋಡುತ್ತ.

“ಇಲ್ಲ ಮಾಶಿಮಾ. ಇನ್ನೂ ಮಳೆಗಾಲ ಉಳಿದಿದೆ. ದುರ್ಗಾಪೂಜೆಯ ಹೊತ್ತಿಗೆ ಮತ್ತೆ ಎಲೆ ಬರುತ್ತದೆ.”

“ಮತ್ತೆ ಬಂದದ್ದನ್ನು ನಿನ್ನ ಗಂಡನಿಗೆ ತೋರಿಸಬೇಡ.”

ಮಾವಿನ ಮರದ ಹಿಂದಿನಿಂದ ಕೆಮ್ಮು ಕೇಳಿಸಿತು.

“ಆದರೆ ದೀದಿ, ಸಿಮೆಂಟು?” ಶಿಬೇನಬಾಬುವಿನ ದನಿಯಲ್ಲಿ ನಿಜವಾದ ಸಂಕಟವಿತ್ತು. “ಎಷ್ಟು ಕಷ್ಟಪಟ್ಟು ಪರ್ಮಿಟ್ಟು ತಂದೆ! ಇಟ್ಟರೆ ಕಲ್ಲಾಗಿ ಹೋಗುತ್ತದೆ.”

“ನಿನ್ನ ಮನೆಗೇ ಹಾಕು. ಆ ತುಳಸಿ ಇನ್ನೂ ಉಳಿದಿದೆಯಲ್ಲ.”

ಟೇಪು ಸುತ್ತಿಕೊಳ್ಳುತ್ತಿದ್ದ ಮೇಸ್ತ್ರಿ ಮುಖ ಆಚೆ ತಿರುಗಿಸಿ ನಕ್ಕ. ಶಿಬೇನಬಾಬು ಕೋಪಿಸಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಚಂದ್ರಾವತಿ ಒಳಗೆ ಓಡಿದಳು. ಲೇಕ್ ಮಾರ್ಕೆಟ್ಟಿನ ಎಲೆಗೆ ಹಿಟ್ಟು ಹಚ್ಚಿ, ಕಾಯಿಬೆಲ್ಲ ತುಂಬಿ, ಮಡಚಿ ಹಬೆಪಾತ್ರೆಯಲ್ಲಿ ಬೇಯಲಿಟ್ಟಳು. ಹಬೆ ಏರಿದಂತೆ ಅರಶಿನದ ಪರಿಮಳ ಅಡುಗೆಮನೆ ತುಂಬಿ ಹಿತ್ತಲಿಗೂ ಹೋಯಿತು. ಶೀತದ ಮೂಗಿನ ಮೋಹನದಾಸರಿಗೂ ಅದು ತಿಳಿಯಿತು. ಅವರು ಅಪರಾಧಿಯ ಹಾಗೆ ಬಾಗಿಲಲ್ಲಿ ನಿಂತು, “ಹೌದು ಮಾರಾಯ್ತಿ, ಇದು ಬೇರೆಯೇ,” ಎಂದರು.

“ಹೌದಾ? ಈಗ ಗೊತ್ತಾಯಿತಾ?” ಎಂದು ಅವಳು ತಟ್ಟೆಗಳನ್ನು ಅವರ ಕೈಗೆ ಕೊಟ್ಟಳು. “ಮಾಶಿಮಾರನ್ನು ಒಳಗೆ ಕರೀರಿ. ಮೇಜು ಒರೆಸಿದ್ದೇನೆ.”

ಹಿತ್ತಲಿನಿಂದ ಉತ್ತರ ನೇರವಾಗಿ ಬಂತು. “ನಾನು ಏಳುವುದಿಲ್ಲ! ನನ್ನ ತಟ್ಟೆ ಇಲ್ಲಿಗೇ ಬರಲಿ. ಚಹಾವೂ ಇಲ್ಲಿಗೇ. ತಿನ್ನಬೇಕಾದವರೆಲ್ಲ ಇಲ್ಲಿಗೇ ಬರಲಿ!”

ಚಂದ್ರಾವತಿ ಬಿಸಿ ಕಡುಬಿನ ಪಾತ್ರೆ ಹಿಡಿದು ಹೊರಗೆ ಬರುವಾಗ, ಶಿಬೇನಬಾಬು ಹಿಂಬಾಗಿಲಲ್ಲಿ ಕೂತು ಪಂಪ್ ಶೂ ಬಿಚ್ಚುತ್ತಿದ್ದರು. ಒಂದು ಕೈಯಲ್ಲಿ ಶೂ, ಇನ್ನೊಂದು ಕೈಯಲ್ಲಿ ಅಕ್ಕನ ತಟ್ಟೆ ಹಿಡಿದು, ಮೊಟುಕುಗಳ ನಡುವೆ ಕಾಲಿಡುವ ಜಾಗ ಹುಡುಕುತ್ತ, ಅವರು ಮೆಲ್ಲಗೆ ಕಟ್ಟೆಯ ಕಡೆಗೆ ಹೊರಟರು.